ಬಂಡೆಯೊಳಗಿನ ಬೆಂಕಿ

ನಂದಿಬೆಟ್ಟದ ನೆತ್ತಿಯ ಮೇಲೆ ನಿಂತು ಮುಂಜಾವಿನ ಮಂಜು ಕರಗುವ ಹೊತ್ತಿನಲ್ಲಿ ಸುತ್ತಲೂ ದೃಷ್ಟಿ ಹಾಯಿಸಿದರೆ, ಹೆಬ್ಬಂಡೆಗಳ ನಡುವೆ ಹರಡಿಕೊಂಡ ವಿಶಾಲವಾದ ಬಯಲೊಂದು ಕಣ್ಣಿಗೆ ಬೀಳುತ್ತದೆ. ಬುಡದಲ್ಲಿ ಚಿಕ್ಕಬಳ್ಳಾಪುರ, ಮೂಡಲಿಗೆ ಶಿಡ್ಲಘಟ್ಟ, ಅದರಾಚೆ ಚಿಂತಾಮಣಿ, ಬಡಗಲಿಗೆ ಗೌರಿಬಿದನೂರು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮೊದಲಾದ ನದಿಗಳಿಗೆ ಜನ್ಮವಿತ್ತ ಸೀಮೆಯಿದು. ಆದರೆ ತವರಿನಲ್ಲಿ ನಿಲ್ಲದ ಹೆಣ್ಣುಮಕ್ಕಳಂತೆ ಆ ನದಿಗಳೆಲ್ಲ ಹುಟ್ಟಿದ ನೆಲವನ್ನು ಬಿಟ್ಟು ಹೊರಟುಹೋಗುತ್ತವೆ. ವರ್ಷದ ಬಹುಕಾಲ ಅವುಗಳ ಪಾತ್ರದಲ್ಲಿ ಮರಳಲ್ಲದೆ ಬೇರೇನೂ ಕಾಣುವುದಿಲ್ಲ. ಇಷ್ಟು ನದಿಗಳ ತವರಿನಲ್ಲಿಯೇ ಕುಡಿಯುವ ನೀರಿಗೆ ಬರವೆಂಬುದು ಈ ಸೀಮೆಯ ವಿಪರ್ಯಾಸ.

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧ ರೈತನೊಬ್ಬನಿದ್ದಾನೆ. ಅವನಿಗಿರುವುದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು. ಸೊಪ್ಪಿಗೆ ನೀರು ಬೇಕು. ನೀರಿಗೆ ವಿದ್ಯುತ್ತು ಬೇಕು. ವಿದ್ಯುತ್ತು ಪಾಳಿಯ ಮೇಲೆ ಬರುವುದರಿಂದ, ರಾತ್ರಿಯ ಪಾಳಿ ಬಿದ್ದಾಗ ಅವನು ಕಂಬಳಿ ಹೊದ್ದು, ಕೈಯಲ್ಲಿ ಬ್ಯಾಟರಿ ಹಿಡಿದು, ಹಾವು ಚೇಳುಗಳ ಭಯವನ್ನು ಲೆಕ್ಕಿಸದೆ ತೋಟಕ್ಕೆ ಹೋಗುತ್ತಾನೆ. ಒಂದು ರಾತ್ರಿ ಅವನ ಜೊತೆಗೆ ಪ್ರೌಢಶಾಲೆಯಲ್ಲಿ ಓದುವ ಮೊಮ್ಮಗಳೂ ಹೋದಳು. ಮೋಟಾರು ಗುಂಯ್ ಎಂದು ಸದ್ದು ಮಾಡಿ ನೀರು ಚಿಮ್ಮಿದಾಗ ಅವಳು ಕೇಳಿದಳು:

“ತಾತ, ಈ ಕರೆಂಟು ಎಲ್ಲಿಂದ ಬರುತ್ತೆ, ಗೊತ್ತಾ?”

“ಎಲ್ಲಿಂದ ಏನಮ್ಮಾ, ಕಂಬದಿಂದ ಬರುತ್ತೆ.”

ಮೊಮ್ಮಗಳು ನಕ್ಕಳು. ಆದರೆ ಆ ಮುದುಕನ ಉತ್ತರ ನಗುವಂಥದಲ್ಲ. ವಿದ್ಯೆ ಕಲಿತ ನಗರವಾಸಿಗಳಲ್ಲಿಯೂ ಬಹುಮಂದಿಗೆ ವಿದ್ಯುತ್ತೆಂಬುದು ಗೋಡೆಯ ಮೇಲಿನ ಗುಂಡಿಯಿಂದ ಬರುವ ವಸ್ತು. ಆ ಗುಂಡಿಯ ಹಿಂದೆ ಯಾವ ನದಿ ನಿಂತಿತು, ಯಾವ ಕಾಡು ಮುಳುಗಿತು, ಯಾವ ಊರಿನ ಆಕಾಶದಲ್ಲಿ ಬೂದಿ ಹಾರಿತು ಎಂದು ಚಿಂತಿಸುವವರು ವಿರಳ.

ಈ ಸೀಮೆಗೂ ವಿದ್ಯುತ್ತಿಗೂ ಹಳೆಯ ನಂಟಿದೆ. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಆ ಕೋಲಾರದ ಚಿನ್ನದ ಗಣಿಗಳಿಗಾಗಿಯೇ 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ತನ್ನು ತರಲಾಯಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ಕನ್ನಂಬಾಡಿಯಲ್ಲಿ ಅಣೆಕಟ್ಟನ್ನು ಕಟ್ಟಲು ಇದ್ದ ಕಾರಣಗಳಲ್ಲಿ ಇದೂ ಒಂದು. ಅದನ್ನು ಕಟ್ಟಿಸಲು ಶ್ರಮಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಮಗ್ಗುಲಲ್ಲಿಯೇ ಇದೆ.

ಬಹುಕಾಲ ಕನ್ನಡ ನಾಡಿಗೆ ಜಲವಿದ್ಯುತ್ತೇ ಆಸರೆಯಾಗಿತ್ತು. ಅದಕ್ಕೆ ಹೊಗೆಯಿಲ್ಲ, ಬೂದಿಯಿಲ್ಲ. ಆದರೆ ಅದೂ ಪುಕ್ಕಟೆಯಾಗಿ ಬಂದುದಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದಾಗ ಮಲೆನಾಡಿನ ಸಾವಿರಾರು ಕುಟುಂಬಗಳು ಮನೆ, ತೋಟ, ದೇವಸ್ಥಾನಗಳನ್ನು ನೀರಿಗೆ ಒಪ್ಪಿಸಿ ಹೊರಡಬೇಕಾಯಿತು. ಮುಂದೆ ಬೇಡಿಕೆ ಹೆಚ್ಚಿದಂತೆ ನದಿಗಳು ಸಾಲದೆ ಹೋದುವು. 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಒಲೆಗಳು ಹೊತ್ತಿಕೊಂಡುವು. ಆಮೇಲೆ ಬಳ್ಳಾರಿಯಲ್ಲಿಯೂ ಹೊತ್ತಿಕೊಂಡುವು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಹೊರನಾಡುಗಳಿಂದ ರೈಲುಗಟ್ಟಲೆ ತರಬೇಕು. ಉರಿದ ಮೇಲೆ ಬೂದಿ ಬೆಟ್ಟದಂತೆ ಉಳಿಯುತ್ತದೆ. ಇಂಗಾಲದ ಡೈ ಆಕ್ಸೈಡ್ ಬಾನಿಗೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ತಾಪ ಏರಿದರೆ ಮಳೆಯ ನಡೆ ತಪ್ಪುತ್ತದೆ. ಮಳೆಯನ್ನೇ ನಂಬಿದ ಚಿಂತಾಮಣಿ, ಗೌರಿಬಿದನೂರುಗಳಂಥ ಬಯಲುಸೀಮೆಗೆ ಇದಕ್ಕಿಂತ ದೊಡ್ಡ ಆಪತ್ತು ಬೇರೆ ಯಾವುದು?

ಹೀಗಿರುವಾಗ ಹೊಗೆಯಿಲ್ಲದ ಬೆಂಕಿಯೊಂದು ದೊರೆತರೆ ಎಷ್ಟು ಚೆನ್ನ ಎಂದು ಮನುಷ್ಯನಿಗೆ ಅನಿಸುವುದು ಸಹಜ. ಅಂಥ ಬೆಂಕಿ ಇದೆ. ಅದು ಮರದಲ್ಲಿಲ್ಲ, ಕಲ್ಲಿದ್ದಲಿನಲ್ಲಿಲ್ಲ, ಪರಮಾಣುವಿನ ಗರ್ಭದಲ್ಲಿದೆ.

ಶಿಡ್ಲಘಟ್ಟದ ಬೀದಿಗಳಲ್ಲಿ ನಡೆದವರು ರೇಷ್ಮೆ ನೂಲು ಬಿಚ್ಚುವ ಮನೆಗಳನ್ನು ನೋಡಿಯೇ ಇರುತ್ತಾರೆ. ಒಲೆಯ ಮೇಲೆ ನೀರು ಕುದಿಯುತ್ತದೆ. ಗೂಡುಗಳು ಅದರಲ್ಲಿ ಬೇಯುತ್ತವೆ. ಎಳೆ ಬಿಚ್ಚಿಕೊಂಡು ಬರುತ್ತದೆ. ಪರಮಾಣು ವಿದ್ಯುತ್ ಸ್ಥಾವರವೂ ಮೂಲತಃ ನೀರು ಕುದಿಸುವ ಒಂದು ಒಲೆಯೇ. ನೀರು ಉಗಿಯಾಗಿ, ಉಗಿ ಚಕ್ರಗಳನ್ನು ತಿರುಗಿಸಿ, ಚಕ್ರಗಳು ವಿದ್ಯುತ್ತನ್ನು ಹುಟ್ಟಿಸುತ್ತವೆ. ವ್ಯತ್ಯಾಸವಿರುವುದು ಒಲೆಗಿಡುವ ಸೌದೆಯಲ್ಲಿ. ಇಲ್ಲಿಯ ಸೌದೆ ಯುರೇನಿಯಂ. ನ್ಯೂಟ್ರಾನೆಂಬ ಸೂಕ್ಷ್ಮ ಕಣವೊಂದು ಯುರೇನಿಯಂ ಪರಮಾಣುವಿನ ಬೀಜವನ್ನು ತಾಗಿದಾಗ ಅದು ಎರಡಾಗಿ ಒಡೆದು, ಶಾಖವನ್ನೂ ಮತ್ತೆರಡು ಮೂರು ನ್ಯೂಟ್ರಾನುಗಳನ್ನೂ ಹೊರಚೆಲ್ಲುತ್ತದೆ. ಆ ನ್ಯೂಟ್ರಾನುಗಳು ಬೇರೆ ಬೀಜಗಳನ್ನು ಒಡೆಯುತ್ತವೆ. ಹೀಗೆ ಸರಪಳಿಯಂತೆ ಕ್ರಿಯೆ ಮುಂದುವರಿಯುತ್ತದೆ. ಈ ಸರಪಳಿಯನ್ನು ಹತೋಟಿಯಲ್ಲಿಟ್ಟರೆ ದೀಪ. ಹತೋಟಿಯಿಲ್ಲದೆ ಬಿಟ್ಟರೆ ಬಾಂಬು. ಸುಲಭವಾಗಿ ಒಡೆಯುವ ಬಗೆಯ ಯುರೇನಿಯಂ ಒಂದು ಗ್ರಾಂ ಪೂರ್ತಿಯಾಗಿ ವಿದಳನಗೊಂಡರೆ, ಸುಮಾರು 3 ಟನ್ ಒಳ್ಳೆಯ ಕಲ್ಲಿದ್ದಲನ್ನು ಸುಟ್ಟಷ್ಟು ಶಾಖ ದೊರೆಯುತ್ತದೆ.

ಈ ಒಲೆಯಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಹೊಗೆಯ ಮಾತೇ ಇಲ್ಲ. ಗಣಿ ಅಗೆಯುವುದು, ಸ್ಥಾವರ ಕಟ್ಟುವುದು ಮೊದಲಾದ ಕೆಲಸಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು, ಹವಾಮಾನ ಬದಲಾವಣೆಯನ್ನು ಕುರಿತ ಅಂತರ ಸರ್ಕಾರಿ ಸಮಿತಿ 2014ರಲ್ಲಿ ಒಂದು ಹೋಲಿಕೆಯನ್ನು ಮುಂದಿಟ್ಟಿತು. ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈ ಆಕ್ಸೈಡಿನಷ್ಟು ಹೊರೆ ಬಾನಿಗೆ ಸೇರಿದರೆ, ಪರಮಾಣು ವಿದ್ಯುತ್ತಿನಿಂದ ಸೇರುವುದು ಸುಮಾರು 12 ಗ್ರಾಂ ಮಾತ್ರ. ಸೂರ್ಯನೂ ಗಾಳಿಯೂ ಕೊಡುವ ವಿದ್ಯುತ್ತಿನ ಸಾಲಿನಲ್ಲಿಯೇ ಇದು ನಿಲ್ಲುತ್ತದೆ.

ಕರ್ನಾಟಕದಲ್ಲಿ ಈ ಒಲೆ ಹೊತ್ತಿರುವುದು ಉತ್ತರ ಕನ್ನಡದ ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ. 2000ದಿಂದ 2011ರ ನಡುವೆ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಅಲ್ಲಿ ಕೆಲಸ ಆರಂಭಿಸಿದುವು. ಅವುಗಳಲ್ಲಿ ಮೊದಲನೆಯ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಮಳೆ ಬರಲಿ ಬಾರದಿರಲಿ, ಹಗಲಿರಲಿ ಇರುಳಿರಲಿ, ಬೆಳಕು ಕೊಡುವ ಸಾಮರ್ಥ್ಯ ಇದಕ್ಕಿದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಕೈಗಾದಲ್ಲಿ ಸ್ಥಾವರವನ್ನು ಕಟ್ಟುವ ನಿರ್ಧಾರವಾದಾಗ ಅದನ್ನು ವಿರೋಧಿಸಿದವರ ಮುಂಚೂಣಿಯಲ್ಲಿ ನಿಂತವರು ಡಾ. ಶಿವರಾಮ ಕಾರಂತರು. ಪಶ್ಚಿಮಘಟ್ಟದ ಕಾಡು, ಅಲ್ಲಿಯ ಜೀವರಾಶಿ, ಅಲ್ಲಿಯ ಜನ ಇವುಗಳ ಪರವಾಗಿ ಅವರು ದನಿಯೆತ್ತಿದರು. ಎಂಬತ್ತೇಳರ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಆ ಕ್ಷೇತ್ರದಿಂದಲೇ ನಿಂತು ಸೋತರು. ಇನ್ನೊಂದು ಕಡೆ, ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರು ದೇಶದ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿ, ಪರಮಾಣುವಿನ ಬಲದಿಂದ ಭಾರತ ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂದು ದುಡಿದವರು. ಇಬ್ಬರೂ ಕನ್ನಡಿಗರು, ಇಬ್ಬರೂ ನಾಡಿನ ಹಿತವನ್ನೇ ಬಯಸಿದವರು. ಒಳ್ಳೆಯವನಿಗೂ ಕೆಟ್ಟವನಿಗೂ ನಡೆಯುವ ವಾದದಲ್ಲಿ ತೀರ್ಪು ಕೊಡುವುದು ಸುಲಭ; ಒಳ್ಳೆಯವರಿಬ್ಬರ ನಡುವಿನ ವಾದದಲ್ಲಿ ಎರಡೂ ಕಡೆಗೆ ಕಿವಿಗೊಡಬೇಕಾಗುತ್ತದೆ.

ಕಾರಂತರಂಥವರ ಭಯ ಆಧಾರವಿಲ್ಲದ್ದಾಗಿರಲಿಲ್ಲ. 1994ರ ಮೇ ತಿಂಗಳಿನಲ್ಲಿ, ಕಟ್ಟಡದ ಹಂತದಲ್ಲಿಯೇ, ಕೈಗಾದ ಮೊದಲ ಘಟಕದ ಗುಮ್ಮಟದ ಒಳಭಾಗ ಕಳಚಿ ಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅನಾಹುತವಾಗಲಿಲ್ಲ. ಗುಮ್ಮಟವನ್ನು ಹೊಸ ವಿನ್ಯಾಸದಿಂದ ಮತ್ತೆ ಕಟ್ಟಲಾಯಿತು. 2009ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಯಂತ್ರವೊಂದಕ್ಕೆ ವಿಕಿರಣಯುಕ್ತ ಭಾರಜಲ ಬೆರೆತು, 50ಕ್ಕೂ ಹೆಚ್ಚು ಕೆಲಸಗಾರರ ದೇಹವನ್ನು ಸೇರಿತು. ಹೊರಗಿನ ಪ್ರಪಂಚದಲ್ಲಿ ಇದಕ್ಕಿಂತ ಘೋರವಾದ ಘಟನೆಗಳು ನಡೆದಿವೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಸ್ಥಾವರವೇ ಸಿಡಿಯಿತು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವೂ ಸುನಾಮಿಯೂ ಒಟ್ಟಾಗಿ ಎರಗಿ, ಲಕ್ಷಾಂತರ ಜನ ಮನೆಮಠ ತೊರೆಯಬೇಕಾಯಿತು. ಜರ್ಮನಿ 2023ರ ಏಪ್ರಿಲಿನಲ್ಲಿ ತನ್ನ ಕೊನೆಯ ಮೂರು ಸ್ಥಾವರಗಳನ್ನೂ ನಿಲ್ಲಿಸಿತು. ಅದರ ನೆರೆಯ ಫ್ರಾನ್ಸಾದರೋ ತನ್ನ ವಿದ್ಯುತ್ತಿನ ಬಹುಭಾಗವನ್ನು ಪರಮಾಣುವಿನಿಂದಲೇ ಪಡೆಯುತ್ತಿದೆ. ಒಂದೇ ನದಿಯ ಎರಡು ದಡಗಳಲ್ಲಿ ನೆಲೆಸಿದ ವಿದ್ಯಾವಂತ ಜನಾಂಗಗಳೆರಡು, ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟಿವೆ.

ಅಪಘಾತಕ್ಕಿಂತಲೂ ಕಠಿಣವಾದ ಪ್ರಶ್ನೆ ಉಳಿಕೆಯದು. ಒಲೆಯಲ್ಲಿ ಬೂದಿ ಉಳಿಯುವಂತೆ ಈ ಒಲೆಯಲ್ಲಿಯೂ ಕಸ ಉಳಿಯುತ್ತದೆ. ಅದರ ಪ್ರಮಾಣ ಅಲ್ಪ. ಆಯುಸ್ಸು ಮಾತ್ರ ಅಗಾಧ. ಅದರಲ್ಲಿರುವ ಪ್ಲುಟೋನಿಯಂ ತನ್ನ ತೀಕ್ಷ್ಣತೆಯಲ್ಲಿ ಅರ್ಧವನ್ನು ಕಳೆದುಕೊಳ್ಳಲು ಸುಮಾರು 24,000 ವರ್ಷ ಬೇಕು. ನಂದಿಯ ಭೋಗನಂದೀಶ್ವರ ದೇವಾಲಯ ಸಾವಿರ ವರ್ಷಕ್ಕೂ ಹಳೆಯದೆಂದು ಜನ ಬೆರಗಾಗುತ್ತಾರೆ. ಅಂಥ ಇಪ್ಪತ್ತು ದೇವಾಲಯಗಳ ಆಯುಸ್ಸನ್ನು ಒಂದರ ಮುಂದೊಂದು ಸೇರಿಸಿದರೂ ಈ ಕಸದ ಅವಧಿಗೆ ಸರಿಗಟ್ಟುವುದು ಕಷ್ಟ. ಭಾರತವು ಬಳಸಿದ ಇಂಧನದಿಂದ ಪ್ಲುಟೋನಿಯಮ್ಮನ್ನು ಬೇರ್ಪಡಿಸಿ ಮತ್ತೆ ಇಂಧನವಾಗಿ ಬಳಸುವ ಮಾರ್ಗವನ್ನು ಹಿಡಿದಿದೆ. ಉಳಿದ ಕಸವನ್ನು ಗಾಜಿನೊಡನೆ ಬೆರೆಸಿ, ಉಕ್ಕಿನ ಪಾತ್ರೆಗಳಲ್ಲಿ ಭದ್ರಪಡಿಸುತ್ತದೆ. ಆದರೂ ಅದಕ್ಕೊಂದು ಶಾಶ್ವತವಾದ ನೆಲೆ ಬೇಕು.

ಇಲ್ಲಿಯೇ ಈ ಸೀಮೆಯ ಬಂಡೆಗಳು ಕಥೆಯೊಳಕ್ಕೆ ಬರುತ್ತವೆ. 1980ರ ದಶಕದಲ್ಲಿ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯ ಪಾಳುಬಿದ್ದ ಭಾಗವೊಂದರಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಬಂಡೆಗೆ ಶಾಖ ಕೊಟ್ಟು ಅದು ಹೇಗೆ ತಾಳಿಕೊಳ್ಳುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. ಅಲ್ಲಿಟ್ಟುದು ನಿಜವಾದ ಕಸವಲ್ಲ, ಕಸದಷ್ಟೇ ಶಾಖ ಕೊಡುವ ಸಾಧನಗಳನ್ನು ಮಾತ್ರ. ಆ ಗಣಿಗಳು 2001ರಲ್ಲಿ ಮುಚ್ಚಿದುವು. 2012ರಲ್ಲಿ, ತಮಿಳುನಾಡಿನ ಕೂಡಂಕುಳಂ ಸ್ಥಾವರದ ಕಸವನ್ನು ಇಲ್ಲಿಗೆ ತರುತ್ತಾರೆಂಬ ಸುದ್ದಿ ಹಬ್ಬಿದಾಗ ಕೋಲಾರದ ಜನ ಬೀದಿಗಿಳಿದರು. ಅಂಥ ಉದ್ದೇಶವಿಲ್ಲವೆಂದು ಅಧಿಕಾರಿಗಳು ಹೇಳಬೇಕಾಯಿತು. ಜನರ ಕಳವಳ ನ್ಯಾಯವಾದುದೇ. ಆದರೆ ಅದರೊಡನೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಬೆಳಕು ತಮಗಿರಲಿ, ಬೂದಿ ಬೇರೆಯವರಿಗಿರಲಿ ಎಂದು ಪ್ರತಿಯೊಂದು ಊರೂ ಹೇಳಿದರೆ ಬೂದಿ ಹೋಗುವುದೆಲ್ಲಿಗೆ? ಕೈಗಾದ ಸುತ್ತಣ ಜನರಿಗೂ, ಶರಾವತಿಯಲ್ಲಿ ಮನೆ ಕಳೆದುಕೊಂಡವರಿಗೂ ಈ ಮಾತನ್ನು ಕೇಳುವ ಹಕ್ಕಿದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ; ಆ ಕತ್ತಲೆಯಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ಬೆಳಕಿನಲ್ಲಿರುವವರು ನೋಡಬೇಕು.

ಇನ್ನೊಂದು ಸಂಗತಿ ಈ ಸೀಮೆಯ ಜನರನ್ನು ಇನ್ನೂ ಹತ್ತಿರದಿಂದ ತಟ್ಟುತ್ತದೆ. ಹಿಂದೆ ಇಲ್ಲಿ ಕಪಿಲೆ ಹೊಡೆಯುವ ಬಾವಿಗಳಿದ್ದುವು. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು. ಕೆರೆಗಳಲ್ಲಿ ಹೂಳು ತುಂಬಿತು, ಬಾವಿಗಳು ಬತ್ತಿದುವು, ಕೊಳವೆಬಾವಿಗಳು ಬಂದುವು. ಅವು ಇನ್ನೂರು, ಐನೂರು ಅಡಿಗಳನ್ನು ಮೀರಿ ಈಗ ಎಷ್ಟೋ ಕಡೆ ಸಾವಿರ ಅಡಿಗಳನ್ನು ದಾಟಿವೆ. ಇಲ್ಲಿಯ ಕಗ್ಗಲ್ಲಿನಲ್ಲಿ ಫ್ಲೋರೈಡಿನಂತೆಯೇ ಯುರೇನಿಯಮ್ಮಿನ ಅಂಶವೂ ಸ್ವಾಭಾವಿಕವಾಗಿಯೇ ಇದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕದ ಮೂಡಣ ಭಾಗದ ಹಳ್ಳಿಗಳ ಕೊಳವೆಬಾವಿಗಳನ್ನು ಪರೀಕ್ಷಿಸಿದಾಗ, ಹಲವೆಡೆ ಈ ಮಿತಿ ಮೀರಿರುವುದು ಕಂಡುಬಂದಿತು. ಇದು ಯಾವ ಸ್ಥಾವರದ ತಪ್ಪೂ ಅಲ್ಲ. ಆಳದಲ್ಲಿ ಮಲಗಿದ್ದುದನ್ನು ಮನುಷ್ಯನ ದಾಹ ಎಬ್ಬಿಸಿತು, ಅಷ್ಟೇ. ಸ್ಥಾವರವನ್ನು ಕಂಡು ಹೆದರುವ ಮನುಷ್ಯ, ತನ್ನ ಬಿಂದಿಗೆಯೊಳಗೇನಿದೆ ಎಂದು ಪರೀಕ್ಷಿಸಿ ನೋಡದಿದ್ದರೆ, ಅದು ವಿವೇಕವೆನಿಸಲಾರದು.

ಆ ನೀರನ್ನು ಶುದ್ಧಿ ಮಾಡುವ ಘಟಕಗಳು ಹಳ್ಳಿ ಹಳ್ಳಿಗಳಲ್ಲಿವೆ. ಅವು ನಡೆಯುವುದು ವಿದ್ಯುತ್ತಿನಿಂದ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರ ಭಾಗದ ಕೆರೆಗಳಿಗೆ ಹರಿಸಲಾಗುತ್ತಿದೆ. ಅದನ್ನು ಎತ್ತುವುದೂ ವಿದ್ಯುತ್ತಿನಿಂದ. ಸಕಲೇಶಪುರದ ಎತ್ತಿನಹೊಳೆಯ ನೀರನ್ನು ಇತ್ತ ತರುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅದಕ್ಕೂ ಬೇಕಾದುದು ವಿದ್ಯುತ್ತೇ. ಹೀಗೆ ಈ ಸೀಮೆಯಲ್ಲಿ ನೀರಿನ ಪ್ರಶ್ನೆಯೂ ವಿದ್ಯುತ್ತಿನ ಪ್ರಶ್ನೆಯೂ ಒಂದೇ ನಾಣ್ಯದ ಎರಡು ಮುಖಗಳಾಗಿವೆ.

ಹಾಗಾದರೆ ಪರಮಾಣು ವಿದ್ಯುತ್ತೇ ಪರಿಹಾರವೇ? ಭಾರತದ ಒಟ್ಟು ವಿದ್ಯುತ್ತಿನಲ್ಲಿ ಅದರ ಪಾಲು ನೂರಕ್ಕೆ ಮೂರರಷ್ಟು. ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಒಪ್ಪಿಗೆ ದೊರೆತಿದೆ. ಆದರೆ ಒಂದು ಸ್ಥಾವರ ಕಟ್ಟಲು ಹತ್ತಾರು ವರ್ಷ ಹಿಡಿಯುತ್ತದೆ; ಹಣವೂ ಅಪಾರವಾಗಿ ಬೇಕು. ಗೌರಿಬಿದನೂರಿಗೆ ಬಹುದೂರವೇನೂ ಅಲ್ಲದ ಪಾವಗಡದಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರ ಕೆಲವೇ ವರ್ಷಗಳಲ್ಲಿ ಎದ್ದುನಿಂತಿತು. ಆದರೆ ಸೂರ್ಯ ಮುಳುಗಿದ ಮೇಲೆ ಅದೂ ನಿದ್ರಿಸುತ್ತದೆ. ಅದಕ್ಕೂ ವಿಶಾಲವಾದ ನೆಲ ಬೇಕು. ಕಾಯಿಲೆ ಹಲವು ಬಗೆಯದಾದಾಗ ಒಂದೇ ಗುಳಿಗೆಯಿಂದ ವಾಸಿಯಾಗುವುದಿಲ್ಲ. ಹಗಲಿಗೆ ಸೂರ್ಯ, ಬೀಸಿದಾಗ ಗಾಳಿ, ಇದ್ದಷ್ಟು ಜಲಶಕ್ತಿ, ಇರುಳಿಗೂ ಬರಗಾಲಕ್ಕೂ ಎಚ್ಚರದಿಂದ ಕಾಯ್ದ ಪರಮಾಣು — ಹೀಗೆ ಕೂಡಿ ಬಾಳುವ ಏರ್ಪಾಟೇ ವಿವೇಕದ ದಾರಿ. ಎಲ್ಲಕ್ಕಿಂತ ಮೊದಲು ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ಬೇಕು. ಉಳಿಸಿದ ವಿದ್ಯುತ್ತಿಗೆ ಹೊಗೆಯೂ ಇಲ್ಲ, ವಿಕಿರಣವೂ ಇಲ್ಲ.

ಗೌರಿಬಿದನೂರಿನ ಹತ್ತಿರದ ಬಂಡೆಗಳ ನಡುವೆ 1965ರಲ್ಲಿ ಭೂಕಂಪನ ಮಾಪಕಗಳ ಕೇಂದ್ರವೊಂದನ್ನು ಸ್ಥಾಪಿಸಲಾಯಿತು. ಮುಂದೆ ಭಾಭಾ ಪರಮಾಣು ಸಂಶೋಧನ ಕೇಂದ್ರವೆಂದು ಹೆಸರಾದ ಸಂಸ್ಥೆಯದೇ ಆ ಕೇಂದ್ರ. ಎಲ್ಲಿಯೋ ಭೂಮಿ ನಡುಗಿದರೆ, ಯಾವುದೋ ದೂರದ ದೇಶ ನೆಲದಡಿಯಲ್ಲಿ ಅಣುಬಾಂಬನ್ನು ಸಿಡಿಸಿದರೆ, ಅದರ ಅಲೆ ಈ ಕಗ್ಗಲ್ಲಿನ ಮೂಲಕ ಬಂದು ಅಲ್ಲಿಯ ಉಪಕರಣಗಳನ್ನು ಮುಟ್ಟುತ್ತದೆ. ಹಗಲಿರುಳು ನೆಲಕ್ಕೆ ಕಿವಿಗೊಟ್ಟು ಕೂರುವುದೇ ಅದರ ಕೆಲಸ. ಪರಮಾಣುವನ್ನು ಮನೆಗೆ ಕರೆದ ದೇಶ ಕಲಿಯಬೇಕಾದ ಪಾಠವೂ ಅದೇ ಅಲ್ಲವೇ? ಯಂತ್ರದ ಸಣ್ಣ ಅಪಸ್ವರಕ್ಕೂ ಕಿವಿಗೊಡಬೇಕು. ಕಾಡಂಚಿನ ಹಳ್ಳಿಯವನ ಅಳಲಿಗೂ ಕಿವಿಗೊಡಬೇಕು.

ಆ ರಾತ್ರಿ ತೋಟದಲ್ಲಿ ಮೊಮ್ಮಗಳು ತಾನು ಶಾಲೆಯಲ್ಲಿ ಕೇಳಿದುದನ್ನೆಲ್ಲ ಹೇಳಿದಳು: ಶರಾವತಿಯ ಕಥೆ, ಶಕ್ತಿನಗರದ ಬೂದಿ, ಕೈಗಾದ ಒಲೆ. ಮುದುಕ ಬದುವಿನ ಮೇಲೆ ಕುಳಿತು ಮೌನವಾಗಿ ಕೇಳಿದ. ಕೊನೆಗೆ ಎದ್ದು, ಸೊಪ್ಪಿನ ಸಾಲುಗಳ ನಡುವೆ ಬ್ಯಾಟರಿಯ ಬೆಳಕು ಹರಿಸಿ ನೋಡಿದ. ನೀರು ಕೊನೆಯ ಸಾಲನ್ನು ಮುಟ್ಟಿತ್ತು. ವಿದ್ಯುತ್ತು ಹೋಗಲು ಇನ್ನೂ ಒಂದು ಗಂಟೆ ಉಳಿದಿತ್ತು. ಅವನು ನಡೆದುಹೋಗಿ ಮೋಟಾರನ್ನು ನಿಲ್ಲಿಸಿದ.

“ಇನ್ನೂ ಕರೆಂಟಿದೆಯಲ್ಲ ತಾತ, ಬಿಟ್ಟಿದ್ದರೆ ಹರಿಯುತ್ತಿತ್ತು.”

“ಸಾಕಮ್ಮಾ. ಯಾರೋ ಮನೆ ಬಿಟ್ಟು ಕೊಟ್ಟಿದ್ದು ಅಂತೀಯ. ಬೇಕಾದಷ್ಟು ತಗೊಂಡಾಯ್ತು. ಬಾ, ಹೋಗೋಣ.”

ಮೋಟಾರಿನ ಸದ್ದು ನಿಂತ ಮೇಲೆ ಬಯಲಿನಲ್ಲಿ ಜೀರುಂಡೆಗಳ ದನಿ ಕೇಳಿಸಿತು. ತಾತನ ಹಿಂದೆಯೇ ಮೊಮ್ಮಗಳು ಬದುವಿನ ಮೇಲೆ ಹೆಜ್ಜೆಯಿಡುತ್ತ ಮನೆಯ ಕಡೆಗೆ ನಡೆದಳು.